ಸಮ ತಾರೀಕಿನ ಸಂಜೆ

ದಾರದ ರೀಲು ಕೈಜಾರಿ ಕಿಟಕಿಯಿಂದ ಬಿದ್ದದ್ದು ಆಗಷ್ಟೇ ಬಂದು ನಿಂತ ಹಸಿರು ಸ್ಕೂಟರಿನ ಸೀಟಿನ ಮೇಲೆ. ದಾರದ ತುದಿ ಮಾತ್ರ ಊರ್ಮಿಳಾಳ ಸೂಜಿಯಲ್ಲೇ ಇತ್ತು.

ಸ್ಕೂಟರಿನವನು ರೀಲು ಎತ್ತಿಕೊಂಡು, ದಾರದ ಜಾಡು ಹಿಡಿದು ಮೇಲೆ ನೋಡಿದ.

"ಎಳೀಬೇಡಿ, ತುಂಡಾಗ್ತದೆ," ಅಂದ.

ಥಾಣೆಯ ಗಲ್ಲಿಯಲ್ಲಿ ಉಡುಪಿಯ ಮಾತು! ಅವನು ಅವಸರವಿಲ್ಲದೆ ದಾರ ಸುತ್ತಿ ರೀಲನ್ನು ಮೇಲಕ್ಕೆಸೆದ. ಹಿಡಿದಳು. ಆದರೆ ಎದೆ ಮಾತ್ರ ಕೈಗೆ ಸಿಗದೆ ಎಲ್ಲೋ ಹೋಯಿತು...

ಅದು ಎಂಬತ್ತಮೂರರ ಮಾತು. ಊರ್ಮಿಳಾ ಊರಿನಿಂದ ನೌಪಾಡಾದ ರಮಾಕಾಂತ ಮಾವನ ಮನೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಕೆಳಗೆ ಮಾವನ ಹೋಟೆಲು, ಮೇಲೆ ಮನೆ. ಹೋಟೆಲಿನ ಬಾಗಿಲು ಮೂಲೆಯಾಚೆಯ ದೊಡ್ಡ ರಸ್ತೆಗೆ, ಇವಳ ಕಿಟಕಿ ಪಕ್ಕದ ಗಲ್ಲಿಗೆ. ಅಲ್ಲಿ ಕುಳಿತು ಸೀರೆಗಳಿಗೆ ಫಾಲ್ ಹೊಲಿಯುವುದು ಅವಳ ಕೆಲಸ. ದೇವಸ್ಥಾನಕ್ಕೂ ಅತ್ತೆಯ ಬೆನ್ನ ಹಿಂದೆಯೇ ಹೋಗುವವಳಿಗೆ ಆ ಊರಿನ ರೀತಿ ರಿವಾಜು ಎಲ್ಲಿ ಗೊತ್ತಾಗಬೇಕು?

ಹುಡುಗನ ಹೆಸರು ಜಯಶೀಲ, ಬೇಲಾಪುರ ರಸ್ತೆಯ ಕಾರ್ಖಾನೆಯಲ್ಲಿ ಗುಮಾಸ್ತ, ರಾತ್ರಿಯೂಟ ಮಾವನ ಹೋಟೆಲಿನಲ್ಲೇ ಎಂದು ಅತ್ತೆಯ ಬಾಯಿಂದ ಉಪಾಯವಾಗಿ ತಿಳಿದುಕೊಂಡಳು. ಸಂಜೆ ಸ್ಕೂಟರಿನ ಸದ್ದಾದರೆ ಸೂಜಿ ನಿಲ್ಲುತ್ತಿತ್ತು. ಅವನು ತಲೆ ಎತ್ತಿ ನಗುತ್ತಿದ್ದ, ಇವಳು ತಲೆ ತಗ್ಗಿಸಿ ನಗುತ್ತಿದ್ದಳು.

ಆದರೆ ಮರುದಿನ ಅದೇ ಸ್ಕೂಟರು ಎದುರು ಬದಿಯಲ್ಲಿ ನಿಲ್ಲುತ್ತಿತ್ತು! ಒಂದು ದಿನ ಇಲ್ಲಿ, ಒಂದು ದಿನ ಅಲ್ಲಿ. ಅಲ್ಲಿಯ ಮಾಳಿಗೆ ಮನೆಯ ಗ್ಯಾಲರಿಯಲ್ಲಿ ಮಲ್ಲಿಗೆ ಮುಡಿದ ಮರಾಠಿ ಹುಡುಗಿಯೊಬ್ಬಳು ನಿಂತಿರುತ್ತಿದ್ದಳು.

ಗಲ್ಲಿಯ ಬೇರೆ ಗಾಡಿಗಳೂ ದಿನಕ್ಕೊಂದು ಬದಿ ಬದಲಿಸುತ್ತಿದ್ದವು. ಆದರೆ ನಮ್ಮ ಊರ್ಮಿಳಾಳಿಗೆ ಕಾಣುತ್ತಿದ್ದುದು ಒಂದೇ ಗಾಡಿ, ಏನು ಮಾಡುವುದು!

ಅಕ್ಟೋಬರ್ ಮೂವತ್ತೊಂದಕ್ಕೆ ಸ್ಕೂಟರು ಅವಳ ಕಿಟಕಿಯ ಕೆಳಗೆ ನಿಂತಿತು. ಮರುದಿನವೂ ಅಲ್ಲೇ! ಕೊನೆಗೂ ನನ್ನನ್ನೇ ಆರಿಸಿದ... ಆ ರಾತ್ರಿ ಅವಳಿಗೆ ಊಟವೂ ಬೇಕೆನಿಸಲಿಲ್ಲ.

ಅದರ ಮರುದಿನ ಅವನು ಮತ್ತೆ ಎದುರು ಬದಿಯಲ್ಲಿದ್ದ. ಗ್ಯಾಲರಿಯ ಹುಡುಗಿ ಏನೋ ಕೇಳಿದಳು, ಅವನು ನಕ್ಕು ಉತ್ತರಿಸಿದ. ಊರ್ಮಿಳಾ ಕಿಟಕಿ ಮುಚ್ಚಿದಳು.

ಕಲ್ಯಾಣದ ಹೋಟೆಲಿನವರ ಮಗನ ಸಂಬಂಧ ಬಂದು ಎಷ್ಟೋ ದಿನವಾಗಿತ್ತು. ಇವಳು ಏನೇನೋ ನೆವ ಹೇಳಿ ಮುಂದೂಡುತ್ತ ಬಂದಿದ್ದಳು. ಅಂದು ವಸಂತಿ ಅತ್ತೆ ಕೇಳಿದ್ದಕ್ಕೆ "ನಿಮ್ಮಿಷ್ಟ" ಅಂದುಬಿಟ್ಟಳು. ಹದಿಮೂರರ ಭಾನುವಾರ ಅವರು ಮಾತು ಮುಗಿಸಲು ಬರುವುದೆಂದಾಯಿತು.

ಕಿಟಕಿ ಮುಚ್ಚಿದರೂ ಕಿವಿ ಮುಚ್ಚಲಾದೀತೇ? ದಿನವೂ ಸ್ಕೂಟರಿನ ಸದ್ದಿಗೆ ಹೊಲಿಗೆ ತಪ್ಪುತ್ತಿತ್ತು.

ಶನಿವಾರ ಸಂಜೆ ಗಲ್ಲಿಯಲ್ಲಿ ಸೀಟಿ ಕೇಳಿಸಿತು. ಗಾಡಿ ಆಚೆ ಬದಿಗೆ ಹಾಕೆಂದು ಮರಾಠಿಯಲ್ಲಿ ಹವಾಲ್ದಾರನ ಗದರಿಕೆ: "ಆಜ್ ಸಮ್ ತಾರೀಖ್ ಆಹೆ, ಗಾಡಿ ತಿಕಡೆ ಲಾವಾ!"

ಅತ್ತೆ ಕಿಟಕಿ ತೆರೆದು ಇಣುಕಿದರು. "ಇದೆಂತ, ಜಯಶೀಲನಲ್ವಾ! ಇವನಿಗೆ ರೂಲು ಗೊತ್ತಿಲ್ವಾ?"

ಯಾವ ರೂಲು ಎಂದು ಊರ್ಮಿಳಾ ಕೇಳಿದಳು. ಬೆಸ ತಾರೀಕಿಗೆ ಗಾಡಿಗಳೆಲ್ಲ ನಮ್ಮ ಬದಿ, ಸಮ ತಾರೀಕಿಗೆ ಆ ಬದಿ, ಗಲ್ಲಿಯ ಬಾಯಲ್ಲಿ ಪೊಲೀಸರ ಬೋರ್ಡೇ ಉಂಟಲ್ಲ ಎಂದರು ಅತ್ತೆ.

ಮೂವತ್ತೊಂದು ಬೆಸ, ಒಂದೂ ಬೆಸ... ಎರಡು ದಿನ ಒಟ್ಟಿಗೆ ನಿಂತದ್ದು ಅದಕ್ಕೇ! ಅವನು ಆ ಹುಡುಗಿಗಾಗಿ ಅಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಕ್ಷಣ ಹಾಯೆನಿಸಿತು. ಮರುಕ್ಷಣವೇ ಕಣ್ಣು ತುಂಬಿತು. ಹಾಗಾದರೆ ನನಗಾಗಿಯೂ ಇಲ್ಲಿ ನಿಲ್ಲುತ್ತಿರಲಿಲ್ಲವಲ್ಲ... ನಿಲ್ಲಿಸಿದ್ದು ಬರೀ ತಾರೀಕು.

ಕೆಳಗೆ ಹವಾಲ್ದಾರ ಚಕ್ರದ ಗಾಳಿ ಬಿಡುತ್ತಿದ್ದ. ಜಯಶೀಲ ಅತ್ತ ನೋಡಲೂ ಇಲ್ಲ. ಅವನ ಕಣ್ಣು ಅವಳ ಕಿಟಕಿಯಲ್ಲಿತ್ತು.

ಇವತ್ತು ಹನ್ನೆರಡು... ಸಮ ತಾರೀಕು!

ಅತ್ತೆ ಕರೆಯುತ್ತಿದ್ದರೂ ನಿಲ್ಲದೆ ಊರ್ಮಿಳಾ ಮೆಟ್ಟಿಲಿಳಿದು ಓಡಿದಳು. ಹವಾಲ್ದಾರ ಹೊರಟುಹೋಗಿದ್ದ.

"ಇವತ್ತು ಆ ಬದಿ ಅಂತ ಗೊತ್ತಿರಲಿಲ್ವಾ?"

"ಗೊತ್ತುಂಟು."

"ಮತ್ತೆ?"

"ನಾಳೆವರೆಗೆ ಕಾದರೆ ಕಲ್ಯಾಣದವರು ಬಂದುಬಿಡ್ತಾರೆ. ಊಟಕ್ಕೆ ಕೂತಾಗ ನಿಮ್ಮ ಮಾವ ಹೇಳಿದ್ರು." ಅವನ ದನಿ ತಗ್ಗಿತು. "ಕೂಗಿದ್ರೆ ಇಡೀ ಗಲ್ಲಿಗೆ ಕೇಳ್ತದೆ. ಗಾಡಿ ತಪ್ಪು ಬದಿ ನಿಲ್ಲಿಸಿದ್ರೆ ಗಲಾಟೆಗಾದ್ರೂ ನೀವು ಕಿಟಕಿ ತೆಗೀತೀರಿ ಅಂದ್ಕೊಂಡೆ. ನಂಗೆ ನಿಮಗೊಬ್ಬರಿಗೇ ಹೇಳಬೇಕಿತ್ತು."

"ಏನು ಹೇಳಬೇಕಿತ್ತು?"

"ಮೂವತ್ತೊಂದರ ಮರುದಿನ ಒಂದು ಬರ್ತದಲ್ಲ... ಆ ಎರಡು ದಿನಕ್ಕೆ ನಾನು ತಿಂಗಳಿಡೀ ಕಾದಿದ್ದೆ, ಊರ್ಮಿಳಾ. ನೀವು ಇದ್ದಕ್ಕಿದ್ದ ಹಾಗೆ ಕಿಟಕಿ ಯಾಕೆ ಮುಚ್ಚಿದ್ರಿ?"

ನಗುವೂ ಅಳುವೂ ಒಟ್ಟಿಗೇ ಬಂತು. "ನಂಗೆ ರೂಲು ಗೊತ್ತಿರಲಿಲ್ಲ," ಅಂದಳು.

ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಎದುರಿನ ಗ್ಯಾಲರಿ ನೋಡಿದ, ಅವಳನ್ನು ನೋಡಿದ, ಹಣೆ ಚಚ್ಚಿಕೊಂಡ. ಆಮೇಲೆ ಗಾಳಿಯಿಲ್ಲದ ಸ್ಕೂಟರಿನ ಹ್ಯಾಂಡಲಿಗೆ ಕೈ ಹಾಕಿದ. "ಇದನ್ನು ಆಚೆ ಬದಿಗೆ ತಳ್ಳಿ ಬರ್ತೇನೆ."

ಊರ್ಮಿಳಾ ಹ್ಯಾಂಡಲಿನ ಇನ್ನೊಂದು ಬದಿ ಹಿಡಿದುಕೊಂಡಳು.

"ಬೇಡ, ಇಲ್ಲೇ ಇರಲಿ. ಬೆಳಗಾದರೆ ಬೆಸ ತಾರೀಕಲ್ವಾ?"

"ಮತ್ತೆ ನಾನು?"

"ನೀವು ಈಗಲೇ ಮಾವನ ಹತ್ತಿರ ಹೋಗಿ," ಅಂದಳು. "ನಾನೂ ಬರ್ತೇನೆ."