ಮೇಜಿನ ಮೇಲಿನ ಒದ್ದೆ ಉಂಗುರ

ನಂಬುವವರು ನಂಬಲಿ, ಕೈಯಿಟ್ಟು ನೋಡಿದವಳು ನಾನು. ಹೋಟೆಲಿನವರು ತಮ್ಮ ಹಳೆಯ ಊಟದ ಮೇಜುಗಳಲ್ಲಿ ಮೊದಲಿಗೆ ಒಂದನ್ನು ಪಾಲಿಶ್‌ಗೆಂದು ನಮ್ಮ ವರ್ಕ್‌ಶಾಪಿಗೆ ತಂದಿದ್ದರು. ಅದರ ನಟ್ಟನಡುವೆ, ಯಾರೋ ಈಗಷ್ಟೇ ನೀರಿನ ಲೋಟ ಎತ್ತಿಕೊಂಡಂತೆ, ಒಂದು ಒದ್ದೆ ಉಂಗುರ. ಮರ ನುಣುಪು ಮಾಡುವ ನಮ್ಮ ಪುಟ್ಟ ಸ್ಯಾಂಡರ್‌ನಿಂದ ಎಷ್ಟು ಉಜ್ಜಿದರೂ ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಮೂಡುತ್ತಿತ್ತು.

"ಸಂಜೆಯೊಳಗೆ ಈ ಕಲೆ ಹೋಗದಿದ್ರೆ ಉಳಿದ ಮೇಜೆಲ್ಲಾ ಬೇರೆಯವರಿಗೆ ಕೊಡ್ತೀನಿ," ಎಂದರು ಹೋಟೆಲಿನ ಯಜಮಾನಿ. ಆ ಕೆಲಸವನ್ನು ನಂಬಿಯೇ ನಾನು ಮಗಳನ್ನು ಕಾಲೇಜಿಗೆ ಸೇರಿಸಿದ್ದೆ.

ದೊಡ್ಡ ಸ್ಯಾಂಡರ್ ಕೊಳ್ಳಲು ಯಂತ್ರದ ಅಂಗಡಿಗೆ ಓಡಿದೆ.

"ಅಕ್ಕಾ, ಹಗುರದ್ದು ತಗೊಳ್ಳಿ. ಆ ದೊಡ್ಡ ಸ್ಯಾಂಡರ್ ನಿಮ್ಮನ್ನೇ ಎಳ್ಕೊಂಡು ಹೋಗುತ್ತೆ," ಎಂದ ಅಂಗಡಿಯವನು.

"ಇಬ್ಬರು ಮಕ್ಕಳನ್ನ ಹಿಡಿದು ಕೂರಿಸಿ ತಲೆ ಬಾಚಿದ ಕೈ ಕಣಪ್ಪಾ ಇದು!" ಎಂದು ದೊಡ್ಡದನ್ನೇ ತಂದೆ.

ಅದು ಸುತ್ತಿದಲ್ಲೆಲ್ಲ ಮರ ಬೆಚ್ಚಗಾಯಿತು. ಉಂಗುರದ ಮೇಲೆ ಬಂದಾಗ ಮಾತ್ರ ಸದ್ದು ನೀರಿನೊಳಗೆ ಮುಳುಗಿದಂತೆ ಮಂಕಾಯಿತು, ಬೆರಳು ಮರಗಟ್ಟಿತು. ಯಾರೋ ಎದುರಿನಿಂದ ತಳ್ಳಿದಂತೆ ಯಂತ್ರ ಪಕ್ಕಕ್ಕೆ ಜಾರಿತು. ನನಗೂ ಸಿಟ್ಟು ಬಂತು.

"ಊಟ ಮುಗೀತು, ಏಳು ಮೇಲೆ!" ಎಂದು ಮಕ್ಕಳಿಗೆ ಗದರುವಂತೆಯೇ ಗದರಿ, ಹಿಡಿಯನ್ನು ಒತ್ತಿಹಿಡಿದೆ.

ತಳ್ಳುವುದು ತಟ್ಟನೆ ನಿಂತಿತು. ಹಲಗೆ ಒಂದೇ ಸಮನಾಗಿ ನುಣುಪಾಯಿತು, ಒಣಗಿಯೇ ಉಳಿಯಿತು.

ಸಂಜೆ ಯಜಮಾನಿ ಅಂಗೈ ಆಡಿಸಿ ನೋಡಿ, "ಉಳಿದ ಮೇಜೆಲ್ಲಾ ನೀವೇ ಮಾಡ್ಬೇಕಮ್ಮಾ," ಎಂದರು. ಮಗಳು ಯಂತ್ರಕ್ಕೇ ಮುತ್ತಿಟ್ಟಳು.

ಮರುದಿನ ಯಂತ್ರದ ಧೂಳಿನ ಚೀಲ ಕೊಡವಿದಾಗ, ಒಣ ಪುಡಿಯ ನಡುವೆ ಒಂದು ಹಿಡಿ ಒದ್ದೆ ಪುಡಿ ಸಿಕ್ಕಿತು. ಅದನ್ನು ತಟ್ಟೆಗೆ ಹಾಕಿ ಬಿಸಿಲಿಗಿಟ್ಟೆ. ಉಳಿದ ಮೇಜುಗಳೆಲ್ಲ ಮುಗಿದು ಹೋಟೆಲು ಸೇರಿವೆ. ತಟ್ಟೆಯ ಪುಡಿ ಮಾತ್ರ ಇನ್ನೂ ಒಣಗಿಲ್ಲ.