ಅಮೃತಮ್ಮನ ದನಿ ನುಂಗಿದ ಮಿಕ್ಸರ್

ಓದುಗ ದೊರೆಗಳೇ, ಚಪ್ಪಾಳೆಗೆ ಕೈ ತಯಾರಿಟ್ಟುಕೊಳ್ಳಿ. ಚಿಂಚೋಳಿಯಿಂದ ವಾಡಿ ಜಂಕ್ಷನ್‌ವರೆಗೆ ಪತ್ತೇದಾರ ಅಂತ ಒಬ್ಬನಿದ್ದರೆ ಅದು ಈ ಚಾಂದ್. ಪೊಲೀಸರು ಹುಡುಕುತ್ತಾರೆ, ನಾನು ಹಿಡಿಯುತ್ತೇನೆ. ಈ ಕೇಸಂತೂ ಚಹಾ ಆರುವುದರೊಳಗೆ ಖಲಾಸ್!

"ದನಿ ಇಲ್ಲ!"

ಸಿದ್ದಲಿಂಗೇಶಣ್ಣ ರೆಕಾರ್ಡಿಂಗ್ ಹಚ್ಚಿ ಕೇಳಿ, ಕಿವಿಯಿಂದ ಹೆಡ್‌ಫೋನ್ ಕಿತ್ತು ಒದರಿದ. ಚಿಂಚೋಳಿಯಲ್ಲಿ ಅವನದು ಸೌಂಡ್ ಸರ್ವಿಸ್ ಅಂಗಡಿ. ಮೈಕು ಹಿಡಿದು ಹಲೋ ಹಲೋ ಅನ್ನುವ ಕೆಲಸ ನನ್ನದು.

"ಯಾರ ದನಿ ಅಣ್ಣಾ?"

"ಅಮೃತಮ್ಮ ಆಯೀದು! ಕಲ್ಲಿನ ಸದ್ದು ಬಂದದ. ಜಯಮಾಲಾಂದು ಬಂದದ. ಆಯೀದಷ್ಟೇ ಗಾಯಬ್!"

ಅಮೃತಮ್ಮ ಐನಾಪುರದ ಅಜ್ಜಿ, ನಮಗೆಲ್ಲ ಆಯಿ. ಬೀಸುಕಲ್ಲಿನ ಮುಂದೆ ಕುಳಿತು ಹಾಡುವ ಒಂದು ಉದ್ದನೆಯ ಪದ ಅವಳೊಬ್ಬಳಿಗೇ ಕೊನೆಯವರೆಗೆ ಬರುತ್ತದೆ. ಮೊಮ್ಮಗಳು ಜಯಮಾಲಾಗೆ ಬರುವುದು ಅರ್ಧ ಮಾತ್ರ. ಅದನ್ನು ಹಿಂದೆಯೂ ಇದೇ ಅಂಗಡಿಯಲ್ಲಿ ರೆಕಾರ್ಡ್ ಮಾಡಿ ನೋಡಿದ್ದೆವು. ನಮ್ಮ ಹಳೇ ಮಿಕ್ಸರ್ ಎಲ್ಲ ಮೈಕುಗಳ ಸದ್ದನ್ನೂ ಒಂದೇ ಗಡಿಗೆಯ ಸಾರು ಮಾಡಿತ್ತು. ಕಲ್ಲಿನ ಗುರುಗುರು ಆಯಿಯ ದನಿಯನ್ನು ನುಂಗಿತ್ತು. ಸಾರಿನಿಂದ ಉಪ್ಪು ಬೇರೆ ತೆಗೆಯಲು ಯಾರಿಂದಾದೀತು?

ಅದಕ್ಕೇ ವಾಡಿಯಿಂದ ರಿಪೇರಿಯ ನಯೀಮ್ ಭಾಯ್ ಬಂದ. ಮಿಕ್ಸರಿನ ಹೊಟ್ಟೆ ಬಿಚ್ಚಿದ. ಒಂದೊಂದು ಮೈಕಿನ ಚಾನೆಲ್ಲಿನಿಂದ ಒಂದೊಂದು ತಂತಿ ಎಳೆದು, ಹಿಂಭಾಗದಲ್ಲಿ ಹೊಸ ತೂತು ಕೊರೆದು, ಸಾಕೆಟ್ ಕೂರಿಸಿದ. ಡೈರೆಕ್ಟ್ ಔಟ್! ಇನ್ನು ಕಲ್ಲಿನ ಸದ್ದು ಕಲ್ಲಿನ ದಾರಿ, ಆಯಿಯ ದನಿ ಆಯಿಯ ದಾರಿ ಹಿಡಿದು ಬೇರೆ ಬೇರೆಯಾಗಿ ರೆಕಾರ್ಡರ್ ಸೇರಬೇಕು. ಬೆಳಿಗ್ಗೆ ಟೆಸ್ಟ್ ಮಾಡಿದಾಗ ಸೇರಿದ್ದವು ಕೂಡ. ಆಮೇಲೆ ಕಲ್ಲಿಗೂ ಮಿಕ್ಸರಿಗೂ ಪೂಜೆ. ಆಮೇಲೆ ಹಾಡು. ಈಗ — ಕಲ್ಲು ಹಾಡಿದೆ, ಆಯಿ ಇಲ್ಲ!

ಅಮೃತಮ್ಮ ಸೆರಗು ಹೊದ್ದು ಎದ್ದಳು.

"ನಾ ಮೊದಲೇ ಅಂದಿದ್ದೆ. ಬೀಸೋ ಪದ ಮಿಷನ್ನಿಗಿ ಬ್ಯಾಡ ಅಂತ ದೇವಿ ತಾಯೀನೇ ತೋರ್ಸ್ಯಾಳ. ಆಕಿ ಬ್ಯಾಡಂದ ಮ್ಯಾಲ ಈ ಪದ ಇನ್ನ ನಾ ಎಲ್ಲೂ ಎತ್ತಲ್ಲ. ನಡೀ ಜಯಿ, ಬಸ್ಸಿಗಿ ಹೋಗಮು."

ಜಯಮಾಲಾಳ ಮುಖ ಬಾಡಿತು. ಆಯಿ ಹಟ ಹಿಡಿದರೆ ಉಳಿದರ್ಧ ಪದ ಆಯಿಯ ಜೊತೆಗೇ ಹೋದಂತೆ.

ಸಿದ್ದಲಿಂಗೇಶಣ್ಣ ನನ್ನ ಕಡೆ ತಿರುಗಿದ. ಹೋದ ವಾರ ಅವನ ಗೊರಕೆಯನ್ನು ಸ್ಪೀಕರಿನಲ್ಲಿ ಇಡೀ ಓಣಿಗೆ ಕೇಳಿಸಿದ್ದೆ.

"ಚಾಂದ್ಯಾ, ಏನ್ ಮಾಡಿದಿ ಹೇಳು!"

"ಅಣ್ಣಾ, ನಾ ನಗಸಾಂವ. ಅಳಸೋದು ನನ್ನ ಸಿಲಬಸ್‌ನಾಗೇ ಇಲ್ಲ!"

ಬಾಗಿಲಿಗೆ ಅಡ್ಡ ನಿಂತೆ. ಕಾಲರ್ ಏರಿಸಿದೆ. ಹಿನ್ನೆಲೆ ಸಂಗೀತ ಒಂದೇ ಕಡಿಮೆ.

"ಆಯಿ, ಬಸ್ಸಿಗಿ ಇನ್ನಾ ಟೈಮ್ ಅದ, ಕುಂದ್ರಿ. ಗುನ್ಹೇಗಾರ ಇದೇ ಖೋಲಿಯಾಗ ಉಸಿರಾಡ್ಲಿಕತ್ಯಾನ!"

"ಉಸಿರಾಡ್ದೆ ಏನ್ ಮಾಡ್ಬೇಕೋ?" ಎಂದ ನಯೀಮ್ ಭಾಯ್.

"ಮೊದಲು ನೀವೇ ಹೇಳ್ರಿ ಭಾಯ್. ಬೆಸುಗಿ ಹಾಕಿದವರು ನೀವು. ತಂತಿ ಕಿತ್ತದ?"

"ಕಿತ್ತಿದ್ರ ಮುಂಜಾನಿ ಹ್ಯಾಂಗ ಬಂತು? ಟೆಸ್ಟಿಗಿ ಒದರಿದಾಂವ ನೀನೇ."

"ಹಾಡೋ ಮುಂದ ಹೆಡ್‌ಫೋನ್‌ನಾಗ ಆಯಿ ದನಿ ಇತ್ತಲ್ಲ?"

"ಇತ್ತು. ಅದು ಮಿಕ್ಸರಿನ ಹಳೇ ದಾರಿ, ರೆಕಾರ್ಡರಿಗಿ ಹೋಗೋದಲ್ಲ. ಮೈಕ್ ಛಲೋ ಅದ, ಚಾನೆಲ್ ಛಲೋ ಅದ. ಹೊಸ ದಾರಿಗೇ ಏನೋ ಅಡ್ಡ ಬಂದದ."

"ಟೆಸ್ಟ್ ಆದಮ್ಯಾಲ ಯಾರ್ ಕೈ ಹಚ್ಚಿದ್ರು?"

"ವೈರ್ ಬಿಚ್ಚಿದಾಂವ ನಿಮ್ಮಣ್ಣ. ಪೂಜಾ ಆದಮ್ಯಾಲ ಮತ್ತ ಚುಚ್ಚಿದಾಂವ ನಾ."

ಅಣ್ಣನ ಕಡೆ ತಿರುಗಿದೆ. "ಯಾಕ ಬಿಚ್ಚಿದಿ? ಒಳಗಿನ ಮಾತೇನು?"

"ಒಳಗೂ ಇಲ್ಲ, ಹೊರಗೂ ಇಲ್ಲ. ಹೊಸ ಕೆಲಸ ಆಗಿದ್ದು ಹಿಂದಿನ ಬಾಜೂಕ. ಪೂಜಾ ಅಲ್ಲೇ ಆಗಬೇಕಂತ ಆಯಿ ಅಂದ್ರು. ವೈರ್ ಬಿಚ್ಚಿ ಮಿಕ್ಸರ್ ತಿರುವಿ ಇಟ್ಟೆ."

ಉಳಿದವಳು ಜಯಮಾಲಾ. "ಆಯಿ ದನಿ ಹೋದ್ರ ನಿನ್ನ ದನೀನೇ ಎದ್ದು ಕಾಣ್ತದ. ಹೌದಿಲ್ಲೋ?"

"ಅರ್ಧ ಪದ ಬರೋ ದನಿ ತಗೊಂಡು ಏನ್ ಉಪ್ಪಿನಕಾಯಿ ಹಾಕ್ಲೇನೋ? ಬಾಯ್ಮುಚ್ಚು!"

ಸಿಟ್ಟು ಖರೆ, ಕಣ್ಣೀರೂ ಖರೆ. ಇವಳಲ್ಲ. ಹಾಗಾದರೆ ಯಾರು? ಮೂರು ದನಿಗಳಲ್ಲಿ ಒಂದನ್ನೇ ಏಕೆ ಕದ್ದರು?

ಮಿಕ್ಸರಿನ ಹಿಂದೆ ಹೋದೆ. ಆಯಿಯ ಸಾಕೆಟ್ಟಿನಿಂದ ವೈರಿನ ಪಿನ್ನನ್ನು ಸರಕ್ಕನೆ ಎಳೆದು ಬೆಳಕಿಗೆ ಹಿಡಿದೆ. ಪಿನ್ನಿನ ತುದಿಯೆಲ್ಲ ಕೆಂಪು! ಜಿಡ್ಡು ಜಿಡ್ಡು ಕೆಂಪು!

"ಆಯಿ, ಪೂಜಾದಾಗ ಕುಂಕುಮ ಎಲ್ಲೆಲ್ಲಿ ಹಚ್ಚಿದ್ರಿ?"

"ಕಲ್ಲಿನ ಬಾಯಿಗಿ ಹಚ್ಚಿದೆ. ಹಚ್ಚದೆ ಮೊದಲ್ನೇ ಹಿಡಿ ಕಾಳು ಹಾಕಂಗಿಲ್ಲಲ್ಲ. ಆಮ್ಯಾಲ ನನ್ನ ದನಿ ಹೋಗೋ ತೂತು ಯಾವುದಪಾ ಅಂತ ಸಿದ್ದಲಿಂಗೇಶಗ ಕೇಳ್ದೆ. ತೋರ್ಸ್ದ. ಅದೂ ಬಾಯೇ ಅಲ್ಲೇನು? ಎಣ್ಣ್ಯಾಗ ಕಲಸಿದ ಕುಂಕುಮ ಬೆರಳ ತುಂಬ ತಗೊಂಡು, ತಾಯೀ ಒಳಗ ಬಾ ಅಂತ ಒತ್ತಿ ಹಚ್ಚಿದೆ."

"ಜಯಮಾಲಾನ ತೂತಿಗಿ?"

"ಆಕಿ ಹಿಂದ ಹಾಡಾಕಿ. ಪದ ಎತ್ತಾಕಿ ನಾ."

ನಾನು ಕೈ ಎತ್ತಿ ಘೋಷಿಸಿದೆ. "ತಂತಿ ಕಿತ್ತಿಲ್ಲ. ಕಳ್ಳ ಬಂದಿಲ್ಲ. ಎಣ್ಣಿ ಕುಂಕುಮ ಗ್ವಾಡಿ ಆಗಿ ನಿಂತದ, ಪಿನ್ನು ಸಾಕೆಟ್ಟಿಗಿ ಮುಟ್ಟಂಗಿಲ್ಲದಂಗ ಆಗ್ಯಾದ. ಗುನ್ಹೇಗಾರ — ಅಮೃತಮ್ಮ ಆಯಿ!"

ನಯೀಮ್ ಭಾಯ್ ಹಣೆ ಬಡಿದುಕೊಂಡ. "ತೂತಿನ ಸುತ್ತ ಬೊಟ್ಟು ಕಂಡಿತ್ತು. ದೇವರ ಕುಂಕುಮ, ನಾ ಹ್ಯಾಂಗ ಒರಸ್ಲಿ ಅಂತ ಬಿಟ್ಟೆ. ಒಳಗ ಹೋಗ್ಯಾದಂತ ಯಾರಿಗಿ ಗೊತ್ತು?"

ಆಯಿ ಎಲ್ಲರ ಮುಖ ನೋಡಿದಳು. ಕೊನೆಗೆ ಮೆಲ್ಲಗೆ ಕೇಳಿದಳು:

"ಹಂಗಂದ್ರ... ತಾಯಿ ಬ್ಯಾಡ ಅಂದಿಲ್ಲ?"

"ಇಲ್ಲ ಆಯಿ," ಎಂದ ನಯೀಮ್ ಭಾಯ್. "ಆಕಿ ಬಾಗಿಲ್ದಾಗೇ ನಿಂತಾಳ. ನೀವೇ ಆಕಿನ ಅಲ್ಲಿ ನಿಲ್ಸೀರಿ. ಜರಾ ಬಾಜೂಕ ಕುಂಡ್ರಸಮು, ಅಷ್ಟೇ."

ಆಯಿ ನಕ್ಕುಬಿಟ್ಟಳು. ನಯೀಮ್ ಭಾಯ್ ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಸಾಕೆಟ್ಟು ಪಿನ್ನು ಎರಡನ್ನೂ ಒರೆಸಿದ. ಆ ಕೆಂಪು ಹತ್ತಿಯನ್ನು ಆಯಿ ಕಸಕ್ಕೆ ಹಾಕಗೊಡಲಿಲ್ಲ. ತಾನೇ ತುಳಸಿ ಗಿಡದ ಬುಡಕ್ಕೆ ಇಟ್ಟು ಬಂದಳು. ಬಂದು, ಕಲ್ಲಿನ ಗೂಟ ಹಿಡಿದಳು.

"ಜಯಿ, ಜ್ವಾಳ ಹಾಕು. ಈ ಸಲ ಕಡೀತನ ಕಿವಿಗೊಟ್ಟು ಕೇಳು."

ರೆಕಾರ್ಡರಿನಲ್ಲಿ ಆಯಿಯ ಹಸಿರು ದೀಪ ಕುಣಿಯತೊಡಗಿತು. ಕೊನೆಯ ನುಡಿ ಮುಗಿಯುವವರೆಗೂ ಆಡಿತು.

ಇಲ್ಲಿಗೆ ಕಥೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಒಂದು ತೊಡಕಿದೆ. ಅಣ್ಣ ಮತ್ತೆ ಟೆಸ್ಟಿಗೆ ಅಂತ ಚಾಲೂ ಮಾಡಿದ್ದ ರೆಕಾರ್ಡರನ್ನು ನನ್ನ ವಿಚಾರಣೆ ನಡೆದಾಗ ಯಾರೂ ಬಂದ್ ಮಾಡಿರಲಿಲ್ಲ.

ಖರೆ ನಡೆದದ್ದು ಇಷ್ಟು. ಪಿನ್ನು ಎಳೆದದ್ದು ಹೀರೋ ಥರ ತಿರುಗಿಸೋಣ ಅಂತ. ಸುಳಿವೂ ಇಲ್ಲ, ಗಿಳಿವೂ ಇಲ್ಲ. ಅಂಗೈ ಕೆಂಪಾಯಿತು, ರಕ್ತವೇ ಅಂದುಕೊಂಡೆ. "ಅಮ್ಮೀ! ಖೂನ್! ಮರ್ ಗಯಾ!" ಎಂದು ಕಿರುಚಿ, ಜೋಳದ ಬುಟ್ಟಿಯ ಮೇಲೆ ಕುಸಿದು ಕುಳಿತೆ. ಓಡಿ ಬಂದು ನನ್ನ ಅಂಗೈ ಮೂಸಿದವಳು ಜಯಮಾಲಾ. "ಏ ಮೂದೇವಿ, ಎಣ್ಣಿ ಕುಂಕುಮ ಇದು!" ಎಂದವಳೂ ಅವಳೇ, ಆಯಿಯನ್ನು ಕೇಳಿದವಳೂ ಅವಳೇ, ಗೋಡೆಯ ಮಾತು ಹೇಳಿದವಳೂ ಅವಳೇ. ನಾನು ಅದನ್ನೇ ಎದ್ದು ನಿಂತು, ಇನ್ನಷ್ಟು ಗಟ್ಟಿಯಾಗಿ ಹೇಳಿದೆ.

ಎಲ್ಲವೂ ಜಯಮಾಲಾಳ ಮೈಕಿನಲ್ಲಿ ಸೇರಿಕೊಂಡಿದೆ. ಕಲ್ಲಿನ ಗುರುಗುರು ಇಲ್ಲ, ಬೇರೆ ಕಲಬೆರಕೆ ಇಲ್ಲ. ಅಳಿಸು ಅಂದರೆ ಅಣ್ಣ ಒಪ್ಪುತ್ತಿಲ್ಲ. ಯಾರೇ ಗಿರಾಕಿ ಬಂದು ಡೈರೆಕ್ಟ್ ಔಟ್ ಹೇಗೆ ಕೆಲಸ ಮಾಡುತ್ತದೆ ಅಂತ ಕೇಳಿದರೂ ಮೊದಲು ನನ್ನ ಕಿರುಚಾಟವನ್ನೇ ಹಚ್ಚುತ್ತಾನೆ.

"ಕೇಳ್ರಿ," ಅನ್ನುತ್ತಾನೆ, "ಎಷ್ಟ್ ಸಾಫ್ ಬಂದದ!"