ಅರವತ್ತೈದನೆಯ ಹೆಸರು

ಭಾನುವಾರ ಬೆಳಿಗ್ಗೆ ಸಿದ್ದರಾಮಪ್ಪನವರ ಮನೆಗೆ ಬಂದವರಿಗೆ ಮೊದಲು ಉಪ್ಪಿಟ್ಟು, ಆಮೇಲೆ ಪ್ರಶ್ನೆ. ಆದರೆ ಆ ಭಾನುವಾರ ರೇಣುಕಾ ತಟ್ಟೆ ಹಿಡಿದವಳು ಹಿಡಿದೇ ಕೂತಳು. ಒಂದು ಚಮಚ ಬಾಯಿಗಿಡುವ ಮೊದಲೇ ಕಣ್ಣಿಂದ ನೀರು ಇಳಿಯತೊಡಗಿತು.

"ಶುಕ್ರವಾರದೊಳಗ ನೀನ ರಾಜೀನಾಮೆ ಬರದು ಕೊಡು ಅಂದಾರ್ರಿ," ಎಂದಳು. "ಕೊಡಲಿಲ್ಲಂದ್ರ ಅವರ ತಗೀತಾರಂತ. ಹಂಗ ತಗದ್ರ ಮುಂದ ನನಗ ಯಾರು ಕೆಲಸ ಕೊಡತಾರ್ರಿ? ಆ ತಪ್ಪು ನಂದಲ್ರೀ. ಕೃಪಕ್ಕ, ನೀವರ ಹೇಳ್ರಿ."

ಕೃಪಾ ಅವಳ ಬೆನ್ನ ಮೇಲೆ ಕೈಯಿಟ್ಟಳು. ಇಬ್ಬರೂ ಒಂದೇ ಕಂಪನಿಯಲ್ಲಿ ಅಕ್ಕಪಕ್ಕದ ಮೇಜಿನವರು. ಮೈಸೂರಿನ ಕೃಪಾ ಕುಷಾಯಿಗೂಡದ ಈ ಮನೆಯ ಮಹಡಿ ಕೋಣೆಯಲ್ಲಿ ಮೂರು ವರ್ಷದಿಂದ ಬಾಡಿಗೆಗಿದ್ದಳು. ಯಾದಗಿರಿ ಕಡೆಯ ರೇಣುಕಾ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಮನೆಯ ಯಜಮಾನರಾದ ಸಿದ್ದರಾಮಪ್ಪ ಹತ್ತಿರದ ದೊಡ್ಡ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಓಣಿಯವರಿಗೆ ಅವರು ಪತ್ತೇದಾರ. ಬೇಗಂ ಬಜಾರಿನ ಸಗಟು ಅಂಗಡಿಯೊಂದರಲ್ಲಿ ಮಧ್ಯಾಹ್ನ ಮಾತ್ರ ಸುಳ್ಳು ಹೇಳುತ್ತಿದ್ದ ಎಲೆಕ್ಟ್ರಾನಿಕ್ ತಕ್ಕಡಿಯ ಗುಟ್ಟು ಬಯಲು ಮಾಡಿದ್ದು ಅವರೇ. ಆಗ ಜೊತೆಗಿದ್ದವಳು ಕೃಪಾ. ತಾನು ಅವರ ಬಲಗೈ ಎಂದು ಹೇಳಿಕೊಳ್ಳಲು ಅವಳಿಗೆ ಸಂಕೋಚವೇನೂ ಇರಲಿಲ್ಲ.

"ಮೊದಲಿಂದ ಹೇಳ್ರವ್ವಾ," ಎಂದರು ಸಿದ್ದರಾಮಪ್ಪ.

ಹೇಳಿದವಳು ಕೃಪಾ. "ನಮ್ಮ ಕಂಪನಿ ಆಸ್ಪತ್ರೆಗಳಿಗೆ ವೈಫೈ ಕರೆಗಂಟೆ ಮಾಡುತ್ತೆ ಅಂಕಲ್. ಪ್ರತಿ ಹಾಸಿಗೆಗೂ ಒಂದು ಗುಂಡಿ, ನರ್ಸ್ ಮೇಜಿನ ಮೇಲೆ ಒಂದು ಪೆಟ್ಟಿಗೆ. ಯಾವ ಗುಂಡಿ ಯಾವ ಹಾಸಿಗೆಯದು ಅನ್ನೋ ಪಟ್ಟಿ ಆ ಪೆಟ್ಟಿಗೆಯ ಮೆಮೊರಿಯಲ್ಲಿರುತ್ತೆ. ಅದನ್ನ ಬರೆದವಳು ರೇಣುಕಾ. ಮಲ್ಕಾಜ್‌ಗಿರಿಯ ಒಂದು ನರ್ಸಿಂಗ್ ಹೋಮ್‌ಗೆ ಹಾಕಿ ಮೂರು ವಾರ ಆಯ್ತು. ಅಷ್ಟರಲ್ಲಿ ನಾಲ್ಕು ಸಲ ಆ ಪಟ್ಟಿಯ ಮೊದಲ ಸಾಲು ಕೆಟ್ಟಿದೆ. ಸಾಲು ಕೆಟ್ಟರೆ ಒಂದನೇ ಹಾಸಿಗೆಯ ಗಂಟೆ ಮೂಕ. ಕಳೆದ ಮಂಗಳವಾರ ಅಲ್ಲಿದ್ದ ಅಮರಯ್ಯ ಅನ್ನೋ ಅಜ್ಜ ಗುಂಡಿ ಒತ್ತಿ ಒತ್ತಿ ಸಾಕಾಗಿ ತಾವೇ ಎದ್ದಿದ್ದಾರೆ. ಬಿದ್ದು ಸೊಂಟದ ಮೂಳೆ ಮುರೀತು."

"ಪಟ್ಟಿ ಕೆಡ್ತು, ಪಟ್ಟಿ ಈಕೀದು, ಅದಕ್ಕ ತಪ್ಪೂ ಈಕೀದು. ಹೆಣ ಯಾರ ಮನ್ಯಾಗ ಸಿಕ್ತೋ ಅವರ ಕೊಲೆ ಮಾಡ್ಯಾರ ಅಂದಂಗಾತಲ್ಲ," ಎಂದರು ಸಿದ್ದರಾಮಪ್ಪ.

"ನಮ್ಮ ಮುಖ್ಯಸ್ಥರು ಗೋಪಿನಾಥ ಸರ್ ಹಾಗೇ ಅಂತಾರೆ. ಅವರ ಕೈಗೆ ಸಾಕ್ಷಿನೂ ಸಿಕ್ಕಿದೆ." ಕೃಪಾ ಲ್ಯಾಪ್‌ಟಾಪ್ ತಿರುಗಿಸಿದಳು. ಕೆಟ್ಟ ಕ್ಷಣದಲ್ಲಿ ಮೆಮೊರಿ ಹೇಗಿತ್ತೆಂದು ಪೆಟ್ಟಿಗೆ ತಾನೇ ಪ್ರತಿ ತೆಗೆದಿಡುತ್ತಿತ್ತು. ನಾಲ್ಕು ಪ್ರತಿಗಳಲ್ಲಿ ಎರಡು ಚೂರುಪಾರು, ಓದಲು ಬರುತ್ತಿರಲಿಲ್ಲ. ಉಳಿದೆರಡರಲ್ಲಿ, ಒಂದನೇ ಹಾಸಿಗೆಯ ಗುಂಡಿಯ ಸಂಖ್ಯೆ ಇರಬೇಕಾದ ಕಡೆ, ಇಂಗ್ಲಿಷ್ ಅಕ್ಷರಗಳಲ್ಲಿ 'ಹುಸೇನಪ್ಪ ಮೇಸ್ತ್ರಿ' ಎಂದಿತ್ತು.

"ಪರೀಕ್ಷೆ ಮಾಡೂ ಮುಂದ ನಾ ನಮ್ಮೂರ ಮಂದಿ ಹೆಸರು ಹಾಕತಿದ್ನಿರಿ," ಎಂದಳು ರೇಣುಕಾ. "ಗದಿಗೆಮ್ಮ, ಮಲ್ಲು, ಇಂಥಾವು. ಹುಸೇನಪ್ಪ ಅನ್ನೂದೂ ನಿಮ್ಮ ಕಡೆ ಹೆಸರ, ನೀನ ಹಾಕಿ ಮರತೀ ಅಂತಾರ ಸರ್. ನಮ್ಮ ಕಡೆ ಹೆಸರು ಖರೇ. ಆದ್ರ ನಾ ಹಾಕಿಲ್ರೀ ಕೃಪಕ್ಕ."

ಆ ಆಸ್ಪತ್ರೆಯಲ್ಲಿ ಹುಸೇನಪ್ಪ ಎಂಬ ರೋಗಿಯಿರಲಿಲ್ಲ, ನೌಕರನೂ ಇರಲಿಲ್ಲ. ಕೃಪಾ ಅದನ್ನು ಆಗಲೇ ವಿಚಾರಿಸಿದ್ದಳು.

"ಕೆಟ್ಟ ಹೊತ್ತು ಹೇಳು," ಎಂದರು ಸಿದ್ದರಾಮಪ್ಪ.

"ಸೋಮವಾರ ಏಳೂ ಹತ್ತು, ಗುರುವಾರ ಏಳೂ ಐವತ್ತೈದು, ಶನಿವಾರ ಏಳೂ ಇಪ್ಪತ್ತೈದು, ಮಂಗಳವಾರ ಎಂಟೂ ಇಪ್ಪತ್ತು. ಎಲ್ಲ ಬೆಳಿಗ್ಗೆ. ಭಾನುವಾರ ಇಲ್ಲ. ನಮ್ಮ ಆಫೀಸಿನಲ್ಲಂತೂ ಒಂದು ಸಲವೂ ಆಗಿಲ್ಲ."

"ಮೆಮೊರಿಯಾಗ ಈ ಪಟ್ಟಿಯ ನೆರೆಮನಿ ಯಾರದು?"

ಕೃಪಾಗೆ ನಗು ಬಂತು. "ವೈಫೈ ಚಿಪ್ ನಡೆಸೋ ಡ್ರೈವರ್‌ದು. ಚಿಪ್ ಮಾಡಿದವರೇ ಕೊಟ್ಟ ಪ್ರೋಗ್ರಾಂ. ಅದನ್ನ ನೋಡಿಕೊಳ್ಳೋಳು ನಾನು. ಇವತ್ತಿನವರೆಗೆ ಒಂದು ದೂರಿಲ್ಲ ಅಂಕಲ್." ಹಾಗೆಂದು ಅವಳು ತನ್ನ ಸ್ಟೀಲ್ ಬಾಟಲಿಯಿಂದ ನೀರು ಕುಡಿದಳು. ಕಳೆದ ಜುಲೈಯಲ್ಲಿ ಪೆಟ್ಟಿಗೆಯ ಮೆಮೊರಿ ಸಾಲದೆ ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ, ಡ್ರೈವರನ್ನು ಬಿಗಿ ಮಾಡಿ ರೇಣುಕಾಳ ಪಟ್ಟಿಗೆ ಜಾಗ ಬಿಡಿಸಿಕೊಟ್ಟವಳು ಕೃಪಾ. ಅದಕ್ಕೇ ಕಂಪನಿ ಅವಳ ಹೆಸರು ಕೆತ್ತಿಸಿ ಆ ಬಾಟಲಿ ಕೊಟ್ಟಿತ್ತು. ಅವಳು ಅದನ್ನು ಬಿಟ್ಟು ಎಲ್ಲೂ ಹೋಗುತ್ತಿರಲಿಲ್ಲ.

"ಆ ಡ್ರೈವರಿನ ಫೈಲುಗಳನ್ನೂ ಪ್ರಿಂಟ್ ತಗದು ಕೊಡು," ಎಂದರು ಸಿದ್ದರಾಮಪ್ಪ. "ಹಳೇವೂ ಬೇಕು, ಹೊಸವೂ ಬೇಕು. ಮುದುಕರ ಕಣ್ಣು, ಪರದೆ ಮ್ಯಾಲ ನಿಲ್ಲೂದಿಲ್ಲ."

ಅವಳು ಕೊಟ್ಟಳು. ತಾನೊಮ್ಮೆ ತೆರೆದು ನೋಡಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ.

ಸೋಮವಾರ ಹನ್ನೊಂದು ಗಂಟೆಗೆ ಸಿದ್ದರಾಮಪ್ಪ, ಕೃಪಾ ಇಬ್ಬರೂ ಮಲ್ಕಾಜ್‌ಗಿರಿಗೆ ಹೋದರು. ನರ್ಸಿಂಗ್ ಹೋಮಿನ ಹಿಂಗೋಡೆಗೆ ಹೊಂದಿಕೊಂಡೇ ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರಂ. ಒಂದನೇ ಹಾಸಿಗೆ ಅತ್ತ ಕಿಟಕಿಯ ಪಕ್ಕದಲ್ಲಿತ್ತು. ಅಮರಯ್ಯ ರೈಲ್ವೆಯಲ್ಲಿ ಗೇಟ್‌ಮನ್ ಆಗಿದ್ದವರು.

"ನಾ ಒತ್ತೀನಿ ಅಂದ್ರ ಯಾರೂ ನಂಬವಲ್ರು," ಎಂದು ಗೊಣಗಿದರು ಅವರು. "ವಯಸ್ಸಾತು, ಒತ್ತೂದ ಮರತಾರ ಅಂತಾರ. ನನ್ನ ಸರ್ವಿಸಿನಾಗ ಒಂದಿನ ಗೇಟು ಹಾಕೂದು ಮರತಿಲ್ಲ ನಾ."

ಆಯಾ ಗುಂಡಮ್ಮ ಅವರ ಹೊದಿಕೆ ಸರಿಮಾಡುತ್ತ ದನಿಗೂಡಿಸಿದಳು. "ಈ ಹಾಳ ಗಂಟಿ ಸತ್ತಾಗೆಲ್ಲಾ ನಾ ಚಾ ಹಾಕಾಕತ್ತಿರತೀನ್ರಿ. ಕೈಯಾಗ ಟ್ರೇ ಹಿಡಕೊಂಡು ಯಾರ ಕಡೆ ಓಡಬೇಕ್ರಿ ನಾನು?"

"ಚಾ ಎಷ್ಟಕ್ಕ ಹಾಕತಿ?"

"ಟೈಮ್ ನನಗೇನ ಗೊತ್ರಿ? ಗಾಡಿ ಬಂತಂದ್ರ ಚಾ. ನಮ್ಮ ಮಂದಿ ಅದರಾಗ ಬಿಲ್ಡಿಂಗ್ ಕೆಲಸಕ್ಕ ಬರತಾರ. ಕಿಟಕಿಯಿಂದ ಕೈ ಮಾಡತೀನಿ."

ಸಿದ್ದರಾಮಪ್ಪ ಕಿಟಕಿಗೆ ಹೋಗಿ ತಮ್ಮ ಫೋನ್ ತೆಗೆದರು. ಸುತ್ತಲಿನ ವೈಫೈ ಹೆಸರುಗಳ ಪಟ್ಟಿ ಅದರಲ್ಲಿ ಉದ್ದಕ್ಕೆ ಇಳಿಯಿತು. ಅವರು ಬೆರಳಿಟ್ಟು ಎಣಿಸಿದರು. "ಐವತ್ತೆಂಟು."

"ಸ್ಟೇಷನ್ ಪಕ್ಕ ಅಲ್ವಾ ಅಂಕಲ್, ಅಂಗಡಿ, ಮನೆ, ಆಫೀಸು, ಅಷ್ಟಿರುತ್ತೆ."

"ನಿಮ್ಮ ಪರೀಕ್ಷಾ ಕೋಣ್ಯಾಗ ಎಷ್ಟು ಕಾಣತಾವು?"

"ಮೂರು. ಹೊರಗಿನದು ಒಳಗೆ ಬರಬಾರದು ಅಂತ ಆ ಕೋಣೆಗೆ ತಗಡು ಹೊದಿಸಿದೆ."

ಅವರು "ಹೂಂ" ಎಂದಷ್ಟೇ ಹೇಳಿ ಗುಂಡಮ್ಮನನ್ನು ಪಕ್ಕಕ್ಕೆ ಕರೆದು ಏನೋ ಕೇಳಿದರು. ಕೇಳಿಸಿಕೊಂಡ ಗುಂಡಮ್ಮ ಜೋರಾಗಿ ನಕ್ಕಳು. ಮನೆಗೆ ಬರುವ ದಾರಿಯಲ್ಲಿ ಕೃಪಾ ಎಷ್ಟು ಕೆದಕಿದರೂ ಅವರು ಬಾಯಿ ಬಿಡಲಿಲ್ಲ. ಬಲಗೈಗೇ ಹೇಳದ ಗುಟ್ಟು ಎಂಥದೆಂದು ಅವಳಿಗೆ ಸ್ವಲ್ಪ ಸಿಟ್ಟೂ ಬಂತು. ಮುಂದಿನ ಎರಡು ದಿನ ಅವರು ಪ್ರಿಂಟುಗಳನ್ನು ಹರಡಿಕೊಂಡು ಕೂತರು. ಬುಧವಾರ ಸಂಜೆ ಒಂದು ಹಾಳೆಗೆ ಪೆನ್ಸಿಲ್ ಗುರುತು ಹಾಕಿ, ಮಡಿಸಿ ಜೇಬಿಗಿಟ್ಟು, ಯಾಕೋ ಕೃಪಾಳ ಮುಖವನ್ನೇ ನೋಡಿದರು.

"ನಾಳೆ ಬೆಳಿಗ್ಗೆ ಏಳಕ್ಕ ಎಲ್ಲಾರನೂ ಅಲ್ಲಿಗೆ ಕರಿ. ನಿಮ್ಮ ಗೋಪಿನಾಥರನ್ನೂ."

ಗುರುವಾರ ಏಳಕ್ಕೆ ಎಲ್ಲರೂ ನರ್ಸ್ ಮೇಜಿನ ಸುತ್ತ ನಿಂತಿದ್ದರು. ಉಡುಪಿ ಕಡೆಯ ಗೋಪಿನಾಥ ಗಡಿಯಾರ ನೋಡಿಕೊಳ್ಳುತ್ತಲೇ ಇದ್ದರು. ರೇಣುಕಾಳ ಕೈಯಲ್ಲೊಂದು ಲಕೋಟೆಯಿತ್ತು. ರಾಜೀನಾಮೆ ಬರೆದೇ ತಂದಿದ್ದಳು. ಪೆಟ್ಟಿಗೆಯ ಮೆಮೊರಿ ಲ್ಯಾಪ್‌ಟಾಪ್ ಪರದೆಯ ಮೇಲೆ ಕಾಣುತ್ತಿತ್ತು. ಪಟ್ಟಿ ಸರಿಯಾಗಿತ್ತು. ಅಮರಯ್ಯ ಗುಂಡಿ ಒತ್ತಿದರು, ಗಂಟೆ ಬಾರಿಸಿತು.

"ಸರಿ ಉಂಟಲ್ಲ ಮಾರಾಯ್ರೆ. ಇದನ್ನು ನೋಡಲಿಕ್ಕಾ ನಮ್ಮನ್ನು ಕರೆದದ್ದು?" ಎಂದರು ಗೋಪಿನಾಥ.

"ಗಾಡಿ ತಡ ಐತ್ರಿ. ಒಂಚೂರು ತಡೀರಿ," ಎಂದರು ಸಿದ್ದರಾಮಪ್ಪ.

ಏಳೂ ನಲವತ್ತಕ್ಕೆ ಗೋಡೆಯಾಚೆ ರೈಲು ಬಂದು ನಿಂತಿತು. ಗುಂಡಮ್ಮ ಚಹಾ ಸೋಸತೊಡಗಿದಳು. ಒಂದು ನಿಮಿಷ ಕಳೆಯುವಷ್ಟರಲ್ಲಿ ಪರದೆಯ ಮೇಲೆ ಮೊದಲ ಸಾಲಿನ ಅಂಕಿಗಳು ಅಳಿಸಿಹೋಗಿ ಅಕ್ಷರಗಳು ಮೂಡಿದವು. ಹುಸೇನಪ್ಪ ಮೇಸ್ತ್ರಿ. ಅಮರಯ್ಯ ಗುಂಡಿ ಒತ್ತಿದರು. ಮತ್ತೆ ಒತ್ತಿದರು. ಗಂಟೆ ಉಸಿರೆತ್ತಲಿಲ್ಲ.

"ಈಗ ನೋಡ್ರಿ! ಒತ್ತಿದೆನೋ ಇಲ್ಲೋ?" ಎಂದು ಅಜ್ಜ ಕೂಗಿದರು.

ಅಷ್ಟರಲ್ಲಿ ಗುಂಡಮ್ಮ ಹೊರಗೆ ಹೋಗಿ, ಸಿಮೆಂಟು ಮೆತ್ತಿದ ಬುತ್ತಿ ಚೀಲ ಹಿಡಿದ ಐವತ್ತರ ಗಂಡಸೊಬ್ಬನನ್ನು ಕರೆತಂದಳು. "ಸೋಮವಾರ ನೀವು ಕೇಳಿದ್ರೆಲ್ರೀ, ಇವರ ನಮ್ಮ ಮೇಸ್ತ್ರಿ, ಹುಸೇನಪ್ಪ," ಎಂದಳು. ರೇಣುಕಾ ಒಮ್ಮೆ ಅವನನ್ನು, ಒಮ್ಮೆ ಪರದೆಯ ಮೇಲಿನ ಹೆಸರನ್ನು ನೋಡಿದಳು.

"ನಿಮ್ಮ ಫೋನಿನ ನೆಟ್ ಬಗ್ಗೆ ಹೇಳ್ರಿ ಮೇಸ್ತ್ರಿ," ಎಂದರು ಸಿದ್ದರಾಮಪ್ಪ.

ಅವನಿಗೆ ಗಾಬರಿಯಾಗಿತ್ತು. "ನಾವು ಇಪ್ಪತ್ತು ಮಂದಿ ಒಂದ ಗುಂಪಿನಾಗ ಬರತೀವ್ರಿ. ತಿಂಗಳಿಗೊಬ್ಬರು ನೆಟ್ ಹಾಕಸೂದು, ಉಳದವರು ಅವನ ಹಾಟ್‌ಸ್ಪಾಟ್ ಹಿಡಿಯೂದು. ಈ ತಿಂಗಳ ನನ್ನ ಪಾಳಿ, ಅದಕ್ಕ ಹಾಟ್‌ಸ್ಪಾಟಿಗೆ ನನ್ನ ಹೆಸರ ಇಟ್ಟೀನ್ರಿ. ಆ ಗಾಡ್ಯಾಗ ಎಲ್ಲಾ ಗುಂಪಿನವರೂ ಹಂಗ ಮಾಡತಾರ್ರಿ. ತಪ್ಪೇನ್ರಿ?"

"ನಿಮ್ಮದೇನೂ ತಪ್ಪಿಲ್ಲ, ಕುಂದ್ರಿ. ಚಾ ಕುಡೀರಿ." ಸಿದ್ದರಾಮಪ್ಪ ಉಳಿದವರತ್ತ ತಿರುಗಿದರು. "ಹೊತ್ತು ದಿನಾ ಬ್ಯಾರೆ, ಆದ್ರ ಪ್ರತಿ ಸಲ ಗುಂಡಮ್ಮ ಚಾ ಹಾಕಾಕತ್ತಿದ್ಲು. ಆಕೀ ಗಡಿಯಾರ ಅಂದ್ರ ಗಾಡಿ, ಗಾಡಿ ತಡ ಆದಂಗ ಹೊತ್ತೂ ಸರೀತು. ಐತವಾರ ಕೂಲಿಯವರು ಬರೂದಿಲ್ಲ, ಐತವಾರ ಗಂಟಿನೂ ಕೆಡೂದಿಲ್ಲ. ಇನ್ನ ಹೆಸರು. ವೈಫೈ ಡ್ರೈವರ್ ನಿಮಿಷಕ್ಕೊಮ್ಮೆ ಸುತ್ತ ಏನೇನು ಕೇಳತೈತಿ ಅಂತ ಒಂದು ಯಾದಿ ಬರೀತೈತಿ. ಆ ಯಾದಿಗೆ ಇರೂದು ಅರವತ್ನಾಲ್ಕು ಸಾಲು. ಇಲ್ಲಿ ದಿನಾ ಇರೂವು ಐವತ್ತೆಂಟು. ಗಾಡಿ ಬಂದು ನಿಂತ್ರ ಹಾಟ್‌ಸ್ಪಾಟ್ ಸೇರಿ ಅರವತ್ನಾಲ್ಕು ದಾಟತಾವು. ಅರವತ್ತೈದನೇದು ಎಲ್ಲಿ ಕುಂದರಬೇಕು? ಜಾಗ ಇಲ್ಲ, ಅದಕ್ಕ ನೆರೆಮನೀಗೆ ನುಗ್ಗತೈತಿ. ಆ ನೆರೆಮನಿ ರೇಣುಕಾನ ಪಟ್ಟಿ, ಮೊದಲನೇ ಸಾಲು. ನಿಮ್ಮ ತಗಡಿನ ಕೋಣ್ಯಾಗ ಮೂರ ಹೆಸರು ಇಟಗೊಂಡು ಇದು ಹೆಂಗ ಸಿಗಬೇಕ್ರಿ?"

"ಅಲ್ಲ, ತುಂಬಿದ ಮೇಲೆ ನಿಲ್ಲಿಸುವ ತಪಾಸಣೆ ಇರ್ತದಲ್ಲ?" ಎಂದರು ಗೋಪಿನಾಥ.

"ಐತಿ. ಬ್ಯಾರೆ ಫೈಲಿನಾಗ. ಮೊದಲ ಯಾದಿಗೆ ನೂರಾ ಇಪ್ಪತ್ತೆಂಟು ಸಾಲಿತ್ತು. ಜಾಗ ಉಳಸಾಕ ಯಾರೋ ಅದನ್ನ ಅರ್ಧಕ್ಕ ಇಳಿಸ್ಯಾರ. ತಪಾಸಣೆಯ ಅಂಕಿ ಮಾತ್ರ ಹಂಗ ಉಳದೈತಿ, ನೂರಾ ಇಪ್ಪತ್ತೆಂಟು. ಕಾಂಪೌಂಡ್ ಗ್ವಾಡಿ ಒಳಗ ಸರಿಸಿದ್ರು, ವಾಚ್‌ಮನ್‌ಗೆ ಹೇಳಲಿಲ್ಲ."

"ಯಾರು ಇಳಿಸಿದ್ದು?"

ಸಿದ್ದರಾಮಪ್ಪ ಜೇಬಿನ ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಬಿಡಿಸಲಿಲ್ಲ. ಯಾರ ಮುಖವನ್ನೂ ನೋಡಲಿಲ್ಲ.

'ಅರ್ಧಕ್ಕೆ' ಎಂದಾಗಲೇ ಕೃಪಾಗೆ ಹೊಳೆದಿತ್ತು. ಜುಲೈ. ತಾನು ಬದಲಿಸಿದ ಒಂದೇ ಒಂದು ಅಂಕಿ. ಚಪ್ಪಾಳೆ. ಕೈಯಲ್ಲಿದ್ದ ಬಾಟಲಿ ಭಾರವೆನಿಸಿತು. ಚಿಪ್ ಕಂಪನಿಯವರೇ ಹಾಗೆ ಕೊಟ್ಟಿದ್ದರು ಎಂದುಬಿಟ್ಟರೆ? ಗೋಪಿನಾಥ ನಂಬುತ್ತಾರೆ. ಸಿದ್ದರಾಮಪ್ಪ ಹಾಳೆ ಬಿಡಿಸುವುದಿಲ್ಲ, ಅದೂ ಅವಳಿಗೆ ಗೊತ್ತಿತ್ತು. ಹೀಗೆ ಯೋಚಿಸಿದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ನಾನು ಸರ್," ಎಂದಳು. "ನಾನೇ ಇಳಿಸಿದ್ದು. ಇನ್ನೊಂದು ಫೈಲ್ ನೋಡಲಿಲ್ಲ."

ಗೋಪಿನಾಥ ಕನ್ನಡಕ ತೆಗೆದು ಒರೆಸಿಕೊಂಡರು. "ಅದಕ್ಕೆ ಒಪ್ಪಿಗೆ ಕೊಟ್ಟದ್ದು ನಾನೇ. ನಾನೂ ನೋಡಲಿಲ್ಲ," ಎಂದರು ಸಣ್ಣ ದನಿಯಲ್ಲಿ. "ರೇಣುಕಾ, ಆ ಕಾಗದ ಬೇಡ. ಹರಿದು ಹಾಕಿ. ನನ್ನಿಂದ ತಪ್ಪಾಯ್ತು."

ರೇಣುಕಾ ಲಕೋಟೆ ಹರಿಯಲಿಲ್ಲ, ಬ್ಯಾಗಿಗೆ ಹಾಕಿಕೊಂಡಳು. ಆಮೇಲೆ ಕೃಪಾಳತ್ತ ತಿರುಗಿದಳು. ಅವಳ ಕಣ್ಣಲ್ಲಿ ಈಗ ನೀರಿರಲಿಲ್ಲ.

"ದಿನಾ ನನ್ನ ಬಾಜೂಕ ಕುಂತು ನನ್ನ ಡಬ್ಬಿಯಾಗಿನ ರೊಟ್ಟಿ ತಿಂದ್ರಿ. ನನ್ನ ಫೈಲ್ ಹತ್ತು ಸಲ ತಗದು ನೋಡಿದ್ರಿ. ಒಮ್ಮೆರ ನಿಮ್ಮ ಫೈಲ್ ತಗದು ನೋಡಬೇಕು ಅನಸಲಿಲ್ಲೇನ್ರಿ?"

"ಇಲ್ಲ," ಎಂದಳು ಕೃಪಾ.

ಅವಳು ಅಲ್ಲೇ ಕೂತು ತಪಾಸಣೆಯ ಅಂಕಿ ತಿದ್ದಿದಳು. ಪೆಟ್ಟಿಗೆಗೆ ಕಳಿಸಲು ಹೋದಾಗ ರೇಣುಕಾ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡಳು. "ತಡೀರಿ. ನಾ ಓದತೀನಿ." ನೂರಾ ಇಪ್ಪತ್ತೆಂಟು ಎಂಬ ಅಂಕಿಯನ್ನು ಎಲ್ಲ ಫೈಲುಗಳಲ್ಲೂ ಹುಡುಕುತ್ತ, ಒಂದೊಂದೇ ಸಾಲು ಓದುತ್ತ ಹೋದಳು. ಹತ್ತು ನಿಮಿಷದ ಮೇಲೆ ಬೆರಳಿಟ್ಟು ತೋರಿಸಿದಳು. ಮೂರನೆಯ ಕಡೆಯೂ ಅದೇ ಅಂಕಿ ಉಳಿದಿತ್ತು. ಕೃಪಾ ಅದನ್ನೂ ತಿದ್ದಿ ಪೆಟ್ಟಿಗೆಗೆ ಕಳಿಸಿದಳು. ಎಂಟೂಕಾಲಿಗೆ ಮತ್ತೊಂದು ರೈಲು ಬಂದು ನಿಂತಿತು. ಯಾದಿ ಅರವತ್ನಾಲ್ಕಕ್ಕೆ ನಿಂತಿತು. ಅಮರಯ್ಯ ಗುಂಡಿ ಒತ್ತಿದರು. ಗಂಟೆ ಇಡೀ ವಾರ್ಡಿಗೆ ಕೇಳುವಂತೆ ಬಾರಿಸಿತು. ಅಜ್ಜ ಸುಮ್ಮನಾಗದೆ ಇನ್ನೂ ಎರಡು ಸಲ ಒತ್ತಿದರು. ಗುಂಡಮ್ಮ ಬೈಯುತ್ತಲೇ ಓಡಿದಳು.

ಎಲ್ಲ ಸರಿಯಾಗಿದೆಯೆಂದು ಖಾತ್ರಿಯಾದ ಮೇಲೆ ರೇಣುಕಾ ಲ್ಯಾಪ್‌ಟಾಪ್ ಮುಚ್ಚಿ ಹಿಂದಕ್ಕೆ ಕೊಟ್ಟಳು.

"ತಗೋರಿ, ಕೃಪಾ ಮೇಡಂ," ಎಂದಳು.